ರೊಟ್ಟಿ ಬಿಟ್ಟವನ ಶ್ರಾವಣ

ಅನುಮಾನ ಅನ್ನುವುದು ಹುಲಿಗವ್ವನಿಗೆ ತವರಿನಿಂದ ಬಂದ ಬಳುವಳಿ. ಅವಳ ಅವ್ವ ತನ್ನ ಎಮ್ಮೆಯ ಹಾಲಿಗೂ ಯಾರೋ ನೀರು ಬೆರೆಸಿದ್ದಾರೆಂದು ನಾಲ್ಕು ಸಲ ಬೆರಳದ್ದಿ ನೋಡುತ್ತಿದ್ದಳಂತೆ. ಮಗಳೂ ಅದೇ ಜಾತಿ. ಕಾಯಿಪಲ್ಯದವಳ ತಕ್ಕಡಿ, ಅಕ್ಕಸಾಲಿಗನ ಒರೆಗಲ್ಲು, ನೆರೆಮನೆಯವಳ ನಗು, ಯಾವುದನ್ನೂ ಒಂದೇ ನೋಟಕ್ಕೆ ಒಪ್ಪಿದವಳಲ್ಲ. ಗಂಡ ಹೊನ್ನೂರಪ್ಪನ ಮೇಲೆ ಮಾತ್ರ ಅವಳಿಗೆ ಎಂದೂ ಸಂಶಯ ಬಂದಿರಲಿಲ್ಲ. ಮುಂಜಾನೆ ಕುರಿಯ ಹಿಂದೆ ಹೋಗಿ ಸಂಜೆ ಕುರಿಯ ಹಿಂದೆಯೇ ಬರುವ ಮನುಷ್ಯ. ಸಂಶಯಪಡುವುದಕ್ಕೆ ಅವನಲ್ಲಿ ಇದ್ದದ್ದಾದರೂ ಏನು? ಅವನು ರೊಟ್ಟಿ ಬಿಟ್ಟ ಮೇಲೆ ಆ ಒಂದು ನೆಮ್ಮದಿಯೂ ಅವಳ ಪಾಲಿಗೆ ಉಳಿಯಲಿಲ್ಲ.

ಅದು ಜರ್ಮನಿಯ ಎರಡನೆಯ ಲಡಾಯಿ ಶುರುವಾದ ಮರುವರ್ಷ. ಲಡಾಯಿಯ ಸುದ್ದಿ ತಾವರಗೇರಾದ ಸಂತೆಗೆ ಆಗೀಗ ಬರುತ್ತಿತ್ತು, ಆದರೆ ಹುಲಿಗವ್ವನ ಮನೆಯಲ್ಲಿ ಬೇರೆಯೇ ಲಡಾಯಿ ಹತ್ತಿತ್ತು. ಯುಗಾದಿಯ ಹೊತ್ತಿಗೆ ಹೊನ್ನೂರಪ್ಪ ನೀರು ಕುಡಿಯಲು ಶುರು ಮಾಡಿದ. ಕುಡಿದ ಅಂದರೆ ಕೊಡ ಎತ್ತಿ ಗಂಟಲಿಗೆ ಸುರಿದುಕೊಂಡ ಹಾಗೆ. ಕುಡಿದಷ್ಟೂ ಬಾಯಿ ಒಣಗುತ್ತಿತ್ತು. ಉಂಡಷ್ಟೂ ಮೈ ಕರಗುತ್ತಿತ್ತು. ಕುರಿಯನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುತ್ತಿದ್ದವನು ಕಂಬಳಿ ಹೊರಲಾರದೆ ಕಟ್ಟೆಯ ಮೇಲೆ ಕೂತ. ಹಿತ್ತಲ ಗೋಡೆಯ ಬುಡದಲ್ಲಿ ಅವನು ಉಚ್ಚೆ ಹೊಯ್ದ ಕಡೆ ಇರುವೆಗಳು ಸಾಲು ಹಚ್ಚಿ ಬರತೊಡಗಿದಾಗ ಹುಲಿಗವ್ವ ಹೆದರಿದಳು. ಅವಳ ಮಾವನೂ ಹೀಗೆಯೇ ಇರುವೆ ಕರೆದು ಹೋದವನು.

ಅವಳು ಯಾರನ್ನೂ ಕೇಳದೆ ಹುಲಿಗಿಯ ಗುಡಿಗೆ ಹೋಗಿ ಹುಲಿಗೆಮ್ಮ ದೇವಿಯ ಮುಂದೆ ಸೆರಗೊಡ್ಡಿದಳು. "ನನ್ನ ಕುಂಕುಮ ಉಳಸು. ಇನ್ನ ನಾ ಬದುಕಿರೂತನಾ ಶ್ರಾವಣದಾಗ ನನ್ನ ಮನಿಯೊಳಗ ಖಂಡದ ಹೊಗಿ ಏಳಗೊಡಂಗಿಲ್ಲ." ಶ್ರಾವಣದಲ್ಲಿ ಖಂಡ, ಅಂದರೆ ಮಾಂಸ, ಬಿಡುವುದು ಊರಿನ ರೂಢಿಯೇ. ಆದರೆ ಗಂಡಸರು ಹೊಲದ ಮರೆಯಲ್ಲಿ, ಜಡ್ಡಾದವರು ಔಷಧಿಯ ನೆವದಲ್ಲಿ ಅಷ್ಟಿಷ್ಟು ತಪ್ಪುವುದೂ ರೂಢಿಯೇ. ಹುಲಿಗವ್ವ ಆ ಸಂದುಗಳನ್ನೆಲ್ಲ ಮುಚ್ಚಿ ಬಂದಳು. ತಾನೇ ಕುರಿ ಬೇಡುವ ದೇವಿಯ ಮುಂದೆ ಖಂಡ ಬಿಡುತ್ತೇನೆಂದು ಹರಕೆ ಹೊತ್ತವಳು ತಾವರಗೇರಾದಲ್ಲಿ ಇವಳೊಬ್ಬಳೇ ಇರಬೇಕು.

ಹರಕೆ ಹೊತ್ತು ಬಂದ ಮೇಲೆ ಗಂಡನನ್ನು ಕೊಪ್ಪಳದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು. ಮೊದಲು ಡಾಕ್ಟರು, ಆಮೇಲೆ ದೇವರು ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಡಾಕ್ಟರು ಹೊನ್ನೂರಪ್ಪನ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ನೀಲಿ ನೀರಿನ ಕೂಡ ಕಾಸಿದರು. ನೀಲಿ ಹೋಗಿ ಇಟ್ಟಂಗಿಯ ಬಣ್ಣ ಬಂತು.

"ಸಕ್ಕರಿ ರೋಗ," ಅಂದರು ಡಾಕ್ಟರು. "ಸೂಜಿಮದ್ದು ಐತಿ, ಹೈದರಾಬಾದಿನಿಂದ ಬರಬೇಕು. ತಂಪಿನಾಗ ಇಡಬೇಕು. ನಿಮ್ಮ ಊರಿಗೆ ಮುಟ್ಟೂದರಾಗ ಬಿಸಲಿಗೆ ಕೆಟ್ಟು ಹೋಗತೈತಿ. ಅದಕ್ಕ ಊಟಾನ ಮದ್ದು. ಜೋಳ, ಅಕ್ಕಿ, ಗೋದಿ, ಬ್ಯಾಳಿ, ಬೆಲ್ಲ, ಒಂದೂ ಮುಟ್ಟಬಾರದು. ಖಂಡ ತಿನ್ನಲಿ, ಕೊಬ್ಬು ತಿನ್ನಲಿ, ತತ್ತಿ ತಿನ್ನಲಿ."

"ರೊಟ್ಟಿರಿ?" ಅಂದಳು ಹುಲಿಗವ್ವ.

"ರೊಟ್ಟಿ ಇವಗ ಜಹರ್ ನೋಡವ್ವ."

ಮೋಟಾರು ಹತ್ತಿ ಕುಷ್ಟಗಿ ಮುಟ್ಟುವವರೆಗೂ ಅವಳು ಆ ಮಾತನ್ನೇ ಮೆಲುಕು ಹಾಕಿದಳು. ಮದುವೆಯಾಗಿ ಬಂದಾಗಿನಿಂದ ದಿನಾ ಮುಂಜಾನೆ ಒಲೆಯ ಮುಂದೆ ಕೂತು ತಟ್ಟಿದ್ದು ಜೋಳದ ರೊಟ್ಟಿ. ಅದು ಜಹರ್ ಆದರೆ ಇಷ್ಟು ವರ್ಷ ಗಂಡನಿಗೆ ತನ್ನ ಕೈಯಾರೆ ವಿಷ ತಟ್ಟಿ ಕೊಟ್ಟಂತಾಯಿತಲ್ಲ? ಅವಳಿಗೆ ಡಾಕ್ಟರರ ಮೇಲೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅನುಮಾನ ಬಂತು. ರೊಟ್ಟಿಯನ್ನು ಬೈಯುವ ಮನುಷ್ಯನನ್ನು ಹೇಗೆ ನಂಬುವುದು?

ನಂಬದವಳು ಅವಳೊಬ್ಬಳೇ ಅಲ್ಲ. ಅತ್ತೆ ಯಮನೂರಮ್ಮ ಬಾಗಿಲಲ್ಲಿಯೇ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು: "ಕಾಳು ಬಿಟ್ಟು ಬದುಕಿದ ಮನಷ್ಯಾನ ಎಲ್ಲಿ ನೋಡೀರಿ? ಬರೇ ಖಂಡ ತಿನ್ನಾಕ ನನ್ನ ಮಗ ಏನು ತ್ವಾಳ? ಆ ಡಾಕ್ಟರಗ, ಉಮರಸಾಬಗ ಪಾಲು ಇರಬೇಕು."

ಉಮರಸಾಬ ಊರಿನ ಕಟುಕ. ಪಾಪ, ಅವನು ಕೊಪ್ಪಳದ ಡಾಕ್ಟರರ ಮುಖವನ್ನೂ ಕಂಡವನಲ್ಲ. ಆದರೂ ಕಟ್ಟೆಯ ಮೇಲೆ ಕೂತವರು ಅವನು ಹಾದುಹೋದಾಗ ಕೆಮ್ಮತೊಡಗಿದರು. ಕುಷ್ಟಗಿಯ ವೈದ್ಯರೊಬ್ಬರು, ಖಂಡ ಉಷ್ಣ, ಅದು ರಕ್ತ ಸುಟ್ಟು ಆರು ತಿಂಗಳಲ್ಲಿ ಆಳನ್ನು ಬೂದಿ ಮಾಡುತ್ತದೆಂದು ಹೇಳಿ ಕಳಿಸಿದರು. ಜೋಳ ತಿಂದವನು ತೋಳ ಹಿಡಿದಾನು ಎಂದು ಹಿರಿಯರೊಬ್ಬರು ಗಾದೆ ತೆಗೆದರು. ಆಗ ಉಮರಸಾಬ ನಡೆಯುತ್ತಲೇ ಅಂದ: "ಜ್ವಾಳ ತಿಂದು ತ್ವಾಳ ಹಿಡದಾರು ಖರೆ ಮಾಮಾ, ತ್ವಾಳ ಏನು ತಿಂದು ಅಷ್ಟು ಗಟ್ಟಿ ಆಗೇತಿ, ಅದನ್ನೂ ಒಂದಿಷ್ಟು ವಿಚಾರ ಮಾಡ್ರಿ."

ವಾದ ಹೀಗೆ ನಡೆದಿರುವಾಗ ಹೊನ್ನೂರಪ್ಪ ಖಂಡ ತಿಂದ. ಹುಲಿಗವ್ವ ಹಲ್ಲು ಕಚ್ಚಿ ಬೇಯಿಸಿ ಹಾಕಿದಳು. ರೊಟ್ಟಿಯಿಲ್ಲದ ತಾಟು ನೋಡಿ ಮೊದಮೊದಲು ಅವನಿಗೇ ಅಳು ಬರುತ್ತಿತ್ತು. ಖಂಡ ತಿಂದಾದ ಮೇಲೂ ಕೈ ತಾಟಿನ ಅಂಚಿನಲ್ಲಿ ರೊಟ್ಟಿ ಹುಡುಕುತ್ತಿತ್ತು. ಆದರೆ ಕಾರ ಹುಣ್ಣಿವೆಯ ಹೊತ್ತಿಗೆ ಅವನ ಬಾಯಾರಿಕೆ ಇಳಿಯಿತು. ಮೈಯ ಕರಗುವಿಕೆ ನಿಂತಿತು. ಹುಲಿಗವ್ವ ದಿನಾ ಹಿತ್ತಲ ಗೋಡೆಯ ಬುಡಕ್ಕೆ ಹೋಗಿ ಬಗ್ಗಿ ನೋಡುತ್ತಿದ್ದಳು. ಇರುವೆಗಳು ಬರುವುದನ್ನು ಬಿಟ್ಟಿದ್ದವು. ಅವಳು ಡಾಕ್ಟರರನ್ನು ನಂಬಲಿಲ್ಲ, ಇರುವೆಗಳನ್ನು ನಂಬಿದಳು.

ಅಷ್ಟರಲ್ಲಿ ಶ್ರಾವಣ ಬಂತು.

ಇಲ್ಲಿ ನೋಡಿ ಅವಳ ಕಷ್ಟ. ಖಂಡ ಬೇಯಿಸಿದರೆ ಹುಲಿಗೆಮ್ಮ ಮುನಿದು ಗಂಡನನ್ನು ಒಯ್ಯುತ್ತಾಳೆ. ಬೇಯಿಸದಿದ್ದರೆ ಸಕ್ಕರೆ ರೋಗ ಬಂದು ಗಂಡನನ್ನು ಒಯ್ಯುತ್ತದೆ. ಅತ್ತ ದರಿ, ಇತ್ತ ಹುಲಿ ಅನ್ನುತ್ತಾರಲ್ಲ, ಅದು. ಅವಳು ಅಮಾವಾಸ್ಯೆಯ ದಿನ ಖಂಡದ ಗಡಿಗೆಗಳನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದಳು.

"ನಾ ಹರಕಿ ಹೊತ್ತೀನಿ. ಏನು ಮಾಡ್ಲಿ?" ಅಂದಳು ಗಂಡನಿಗೆ.

"ಇರಲಿ ಬಿಡು," ಅಂದ ಹೊನ್ನೂರಪ್ಪ. "ಬೆಣ್ಣಿ ಐತಿ, ಮಜ್ಜಿಗಿ ಐತಿ, ಸೊಪ್ಪು ಐತಿ. ಒಂದು ತಿಂಗಳು ಹೆಂಗರ ಕಳೀತೀನಿ."

ಯಮನೂರಮ್ಮ ಸೊಸೆಯ ಪಕ್ಷವನ್ನೇ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಶ್ರಾವಣದಲ್ಲಿ ಖಂಡದ ನೆರಳೂ ದಾಟದ ಮುದುಕಿ ಅವಳು. ಬೇರೆಯವರ ಮನೆಯಲ್ಲಿ ಖಂಡಕ್ಕೆ ಒಗ್ಗರಣೆ ಹಾಕಿದರೆ ಮೂಗಿಗೆ ಸೆರಗು ಹಿಡಿದುಕೊಂಡು ಹೋಗುವವಳು. "ಛಲೋ ಮಾಡಿದಿ ಯವ್ವಾ. ದೇವರ ಮಾತು ದೊಡ್ಡದು," ಅಂದಳು. ಶ್ರಾವಣದ ನೇಮವೆಂದು ದಿನಾ ಮಧ್ಯಾಹ್ನ ಹೊಲದ ದಾರಿಯ ಹನುಮಪ್ಪನ ಗುಡಿಗೆ ಬುಟ್ಟಿ ಹಿಡಿದು ಹೋಗತೊಡಗಿದಳು. ಅತ್ತೆಯ ಭಕ್ತಿ ನೋಡಿ ಹುಲಿಗವ್ವನಿಗೆ ತನ್ನ ಹರಕೆಯ ಮೇಲೆ ಇನ್ನಷ್ಟು ಧೈರ್ಯ ಬಂತು.

ಮೊದಲ ವಾರ ಹೊನ್ನೂರಪ್ಪ ಸೊರಗಿದ. ಬೆಣ್ಣೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೊಪ್ಪು ನೋಡಿದರೆ ತಾನು ಕುರಿಯಾದೆನೆಂದು ನಗುತ್ತಿದ್ದ, ಆ ನಗುವಿನಲ್ಲಿ ಜೀವ ಇರಲಿಲ್ಲ. ಎರಡನೆಯ ವಾರ ಅವನು ಮನೆಯಲ್ಲಿ ಮಜ್ಜಿಗೆ ಮಾತ್ರ ಕುಡಿದು ಹಸಿವಿಲ್ಲವೆಂದು ಏಳತೊಡಗಿದ. ಹುಲಿಗವ್ವ ಅವನ ಕೆನ್ನೆ ನೋಡಿದಳು. ಮಜ್ಜಿಗೆ ಕುಡಿದವನ ಕೆನ್ನೆಯಲ್ಲ ಅದು. ಮುಖಕ್ಕೆ ಕಳೆ ಬಂದಿತ್ತು, ನಡಿಗೆಗೆ ಬಿರುಸು ಬಂದಿತ್ತು. ಹೊರಗೆ ಎಲ್ಲೋ ಉಣ್ಣುತ್ತಿದ್ದಾನೆ.

ಅಷ್ಟೇ ಆಗಿದ್ದರೆ ಅವಳು ಖಂಡವೆಂದೇ ತಿಳಿಯುತ್ತಿದ್ದಳು. ಆದರೆ ಸಂಜೆ ಮನೆಗೆ ಬಂದವನು ನೀರು ಬೇಡುತ್ತಿದ್ದ. ಒಂದು ತಂಬಿಗೆ, ಇನ್ನೊಂದು ತಂಬಿಗೆ, ಮತ್ತೊಂದು. ಗಟಗಟ ಕುಡಿದು ಮೀಸೆ ಒರೆಸಿಕೊಂಡು ಮತ್ತೆ ಕೈ ಚಾಚುತ್ತಿದ್ದ. ಯುಗಾದಿಯ ದಿನಗಳ ಅದೇ ನೀರಡಿಕೆ. ಮೊದಲ ದಿನವೇ ಹುಲಿಗವ್ವ ಮೂರನೆಯ ತಂಬಿಗೆಯನ್ನು ಕೊಡದೆ ಹಿಡಿದುಕೊಂಡಳು.

"ಏನು ತಿಂದೀರಿ?" ಅಂದಳು.

"ಏನಿಲ್ಲ. ಬಿಸಲು."

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಲ್ಲಿಯ ಬಿಸಿಲು? ಸುಳ್ಳು ಹೇಳುವುದೂ ಬರುವುದಿಲ್ಲ ಈ ಮನುಷ್ಯನಿಗೆ ಎಂದುಕೊಂಡಳು. ರೋಗ ಮರಳಿತೆಂದರೆ ಕಾಳು ತಿನ್ನುತ್ತಿದ್ದಾನೆ, ಇಲ್ಲವೇ ಬೆಲ್ಲ ತಿನ್ನುತ್ತಿದ್ದಾನೆ. ನಾಗರಪಂಚಮಿಯ ಉಂಡೆಗಳು ಊರ ತುಂಬ ಇದ್ದವು. ಯಾರೋ ಕರೆದು ಕೊಡುತ್ತಿದ್ದಾರೆ. ಯಾರು? ಗಂಡಸನ್ನು ಮನೆಗೆ ಕರೆದು, ಮನೆಯಲ್ಲಿ ಹೇಳಲಾರದಂತೆ ಉಂಡೆ ತಿನ್ನಿಸುವವರು ಯಾರು?

ಒಮ್ಮೆ ಆ ದಾರಿ ಹಿಡಿದ ಮೇಲೆ ಅವಳ ಮನಸ್ಸು ನಿಲ್ಲುವಂಥದ್ದಲ್ಲ. ಹಿತ್ತಲಿಗೆ ಹೋಗಿ ಗೋಡೆಯ ಬುಡ ನೋಡಿದಳು. ಇರುವೆ ಇರಲಿಲ್ಲ. ಮಳೆಗೆ ತೊಳೆದು ಹೋಗಿರಬೇಕು ಅಂದುಕೊಂಡಳು. ಮಳೆ ಬಿಟ್ಟ ದಿನವೂ ನೋಡಿದಳು, ಆಗಲೂ ಇರಲಿಲ್ಲ. ನೀರಡಿಕೆ ಇದೆ, ಇರುವೆ ಇಲ್ಲ. ತಾನು ನಂಬಿದ್ದ ಇರುವೆಗಳೂ ಗಂಡನ ಕೂಡ ಒಳಗೊಳಗೇ ಕೈ ಜೋಡಿಸಿವೆಯೋ ಏನೋ ಅನ್ನುವವರೆಗೆ ಹೋಯಿತು ಅವಳ ಅನುಮಾನ.

ನೆರೆಮನೆಯ ಪಂಪಮ್ಮ ಬೆಂಕಿಗೆ ಎಣ್ಣೆ ಹೊಯ್ದಳು. "ನಾ ಹೇಳೀನಿ ಅಂತ ತಿಳಕೋಬ್ಯಾಡ," ಎಂದೇ ಶುರು ಮಾಡಿದಳು, ಹಾಗೆ ಶುರು ಮಾಡುವವರೆಲ್ಲ ಹೇಳಲಿಕ್ಕೇ ಬಂದವರು. "ನಿನ್ನ ಗಂಡ ನಿಮ್ಮ ಹೊಲದ ಕಡೆ ಹೋಗೂದು ನೋಡೀನಿ. ಹಿಂದ ಉಮರಸಾಬನ ತಂಗಿ ತಾಜಬೀನೂ ಹೋಗತಾಳ. ಕೈಯಾಗ ಗಂಟು ಇರತೈತಿ."

ತಾಜಬೀ ಗಂಡ ತೀರಿ ಅಣ್ಣನ ಮನೆ ಸೇರಿದವಳು. ಕಣ್ಣು ಮೂಗು ನೆಟ್ಟಗಿತ್ತು. ನಕ್ಕರೆ ಓಣಿಗೆಲ್ಲ ಕೇಳಿಸುತ್ತಿತ್ತು. ಇಷ್ಟು ವರ್ಷ ಅವಳ ನಗುವನ್ನು ಹುಲಿಗವ್ವ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಅದು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ಓಣಿ ನೋಡುತ್ತಿದ್ದಳು. ಹೆಂಡತಿ ಇಲ್ಲಿ ಅವನ ಜೀವಕ್ಕಾಗಿ ದೇವರಿಗೆ ಕಟ್ಟುಬಿದ್ದು ಕೂತಿದ್ದಾಳೆ, ಅಲ್ಲಿ ಇನ್ನೊಬ್ಬಳು ಉಂಡೆ ತಿನ್ನಿಸಿ ಆ ಜೀವವನ್ನೇ ತೆಗೆಯುತ್ತಿದ್ದಾಳೆ. ಅವಳಿಗೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಹೆದರಿಕೆಯಿತ್ತು. ಸವತಿ ಬಂದರೆ ಬಡಿದಾಡಬಹುದು. ಗಂಡನೇ ಹೋದರೆ ಯಾರ ಕೂಡ ಬಡಿದಾಡುವುದು?

ಅವಳು ಅತ್ತೆಯ ಮುಂದೆ ಅಳುತ್ತ ಹೇಳಿದಳು. ಯಮನೂರಮ್ಮ ಹೂಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಪಂಪಿ ಮಾತು ಕೇಳಿ ಸಂಸಾರ ಕೆಡಿಸಿಕೋಬ್ಯಾಡ. ನನ್ನ ಮಗ ಅಂಥವಲ್ಲ."

"ಮತ್ತ ನೀರಡಕಿ ಯಾಕ್ರಿ ಅತ್ತಿ?"

ಆ ಪ್ರಶ್ನೆಗೆ ಮುದುಕಿ ತಲೆ ಎತ್ತಿದಳು. ಅವಳ ಮುಖದಲ್ಲಿಯೂ ಹೆದರಿಕೆ ಕಂಡಿತು. "ನೀರಡಕಿ ಆಗೈತೇನು?" ಅಂದಳು. ಆಮೇಲೆ ಬತ್ತಿಗಳನ್ನು ಬುಟ್ಟಿಗೆ ಹಾಕಿಕೊಂಡು, ಗುಡಿಯ ದಾರಿ ಹಿಡಿದಳು.

ಮುಂದಿನ ಸೋಮವಾರ ಮಳೆ ಬಿಡುವು ಕೊಟ್ಟಿತ್ತು. ತಾಜಬೀ ಗಂಟು ಹಿಡಿದು ಓಣಿ ದಾಟಿದ್ದು ಹುಲಿಗವ್ವನಿಗೆ ಕಿಟಕಿಯಿಂದ ಕಂಡಿತು. ಅವಳು ಬಾಗಿಲಿಗೆ ಚಿಲಕ ಹಾಕಿ ಹಿಂದೆ ಹೊರಟಳು. ಕೈಯಲ್ಲಿ ಏನನ್ನೂ ಹಿಡಿಯಲಿಲ್ಲ, ತಾಜಬೀಯ ಜುಟ್ಟಿಗೆ ಕೈ ಖಾಲಿ ಇರಬೇಕೆಂದು. ಸಜ್ಜೆಯ ಹೊಲದ ಬದುವಿನಲ್ಲಿ ಬಗ್ಗಿ ನಡೆದಳು. ಕರಿಮಣ್ಣು ಕಾಲಿಗೆ ಮೆತ್ತಿ ಪಾದ ಎತ್ತಲು ಬರುತ್ತಿರಲಿಲ್ಲ. ದಾರಿಯಲ್ಲಿ ಹನುಮಪ್ಪನ ಗುಡಿ ಸಿಕ್ಕಿತು. ಬಾಗಿಲಿಗೆ ಹೊರಗಿನ ಚಿಲಕ ಬಿದ್ದಿತ್ತು, ಅತ್ತೆ ಅಲ್ಲಿ ಇರಲಿಲ್ಲ. ಆಗಲೂ ಅವಳಿಗೆ ಏನೂ ಹೊಳೆಯಲಿಲ್ಲ. ಅನುಮಾನದವರ ಹಣೆಬರಹವೇ ಅಷ್ಟು: ಊರನ್ನೆಲ್ಲ ಜರಡಿ ಹಿಡಿಯುತ್ತಾರೆ, ಹಿಡಿಯಬೇಕಾದವರನ್ನು ಬಿಟ್ಟು.

ತಮ್ಮ ಹೊಲದ ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ತಾಜಬೀ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಹುಲಿಗವ್ವ ಅವಳನ್ನು ದಾಟಿ ಬಾಗಿಲಿಗೆ ಬಂದಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ನೋಡಿದವಳಿಗೆ ಅದು ಅಲ್ಲಿಯೇ ನಿಂತಿತು.

ಹೊನ್ನೂರಪ್ಪ ಗೋಡೆಗೆ ಆತು ಕೂತು ತಾಟಿನಲ್ಲಿ ಖಂಡ ತಿನ್ನುತ್ತಿದ್ದ. ಪಕ್ಕದಲ್ಲಿ ನೀರಿನ ಕೊಡ. ಮೂರು ಕಲ್ಲಿನ ಒಲೆಯ ಮುಂದೆ ಸೆರಗಿನಿಂದ ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಂಡು, ಮುಖ ಒಂದು ಕಡೆ ತಿರುಗಿಸಿ, ಗಡಿಗೆಯಲ್ಲಿ ಸೌಟು ಆಡಿಸುತ್ತಿದ್ದವಳು ಯಮನೂರಮ್ಮ.

"ಅಲ್ಲೇ ನಿಂದ್ರು," ಅಂದಳು ಮುದುಕಿ, ಸೆರಗಿನ ಒಳಗಿನಿಂದಲೇ. "ಒಳಗ ಬರಬ್ಯಾಡ. ನಿಂದು ಹರಕಿ ಐತಿ."

"ಅತ್ತಿ, ನೀವಾ?"

"ಮತ್ತ್ಯಾರು ಮಾಡಬೇಕು? ನೀ ಮಾಡಂಗಿಲ್ಲ, ದೇವಿಗೆ ಮಾತು ಕೊಟ್ಟಿ. ನಿನ್ನ ಮನಿಯೊಳಗ ಹೊಗಿ ಏಳಬಾರದು, ಎದ್ದಿಲ್ಲ. ಇದು ನನ್ನ ಗಂಡನ ಹೊಲ. ಪಾಪ ಇದ್ರ ನನ್ನ ತಲಿಮ್ಯಾಲ ಇರಲಿ. ನಾ ಹೆಂಗೂ ಹೋಗಾಕಿ, ನಿಂದು ಇನ್ನ ಭಾಳ ದಿನದ ಬಾಳ್ವೆ ಐತಿ."

"ಬರೇ ಖಂಡ ತಿಂದ್ರ ಮಗ ಬದುಕಂಗಿಲ್ಲ ಅಂತ ಊರ ತುಂಬ ಅಂದಾಕಿ ನೀವಾ ಅಲ್ರಿ?"

"ಅಂದೆ. ಆ ಡಾಕ್ಟರನ ಮ್ಯಾಲ ನನಗ ಈಗೂ ನಂಬಿಗಿ ಇಲ್ಲ. ಆದ್ರ ಗ್ವಾಡಿ ಬುಡಕ ನೀ ಒಬ್ಬಾಕೀನ ನೋಡತಿದ್ದಿ ಅಂತ ತಿಳದಿ ಏನು? ಇರುವಿ ಸುಳ್ಳ ಹೇಳಂಗಿಲ್ಲ ಯವ್ವಾ. ನನ್ನ ಗಂಡನ್ನ ಇರುವಿ ಕೂಡ ಕಳಿಸೀನಿ. ಮಗನ್ನೂ ಕಳಿಸಲೇನು?"

ಹುಲಿಗವ್ವ ಬಾಗಿಲ ಕಂಬ ಹಿಡಿದು ನಿಂತಳು. ಒಲೆಯ ಹೊಗೆ ಕಣ್ಣಿಗೆ ಬರುತ್ತಿತ್ತು. ಈ ಮುದುಕಿಯನ್ನು ಅವಳು ಒಂದು ದಿನವೂ ಅನುಮಾನಿಸಿರಲಿಲ್ಲ. ತಾಜಬೀಯ ಕಡೆ ತಿರುಗಿ ನೋಡಲು ಅವಳಿಗೆ ನಾಚಿಕೆಯಾಯಿತು. ಆದರೂ ಎದೆಯೊಳಗಿನ ಮುಳ್ಳು ಹಾಗೇ ಇತ್ತು.

"ಮತ್ತ ನೀರಡಕಿ?" ಅಂದಳು ಗಂಡನಿಗೆ. "ಕಾಳು ತಿಂದಿಲ್ಲ, ಬೆಲ್ಲ ತಿಂದಿಲ್ಲ. ಅಷ್ಟು ನೀರು ಯಾಕ ಕುಡಿತೀರಿ? ಖರೇನ ಹೇಳ್ರಿ, ರೋಗ ಮತ್ತ ಬಂದೈತೇನು?"

ಹೊನ್ನೂರಪ್ಪ ತಾಟು ನೋಡಿದ. ಅವ್ವನನ್ನು ನೋಡಿದ.

ಹೊರಗಿನಿಂದ ತಾಜಬೀ ಅಂದಳು: "ಅವ್ವಾರ, ನೀವು ಉಪ್ಪು ಹಾಕತೀರೇನು?"

"ಉಪ್ಪು ಹಾಕಲಾರದ ಅಡಗಿ ಯಾರು ಮಾಡತಾರ? ನಾ ಯಾವಾಗ್ಲೂ ಹಾಕೂವಷ್ಟ ಹಾಕೀನಿ."

"ಯಾ ಅಲ್ಲಾ. ಅದು ಹಸಿ ಖಂಡ ಅಲ್ರಿ. ಬ್ಯಾಸಿಗ್ಯಾಗ ಉಪ್ಪು ಹಚ್ಚಿ ಒಣಗಿಸಿದ್ದು. ತೊಳದು, ನೀರಾಗ ನೆನಸಿ, ಉಪ್ಪಿಲ್ಲದಾಂಗ ಬೇಯಿಸಬೇಕು. ನಮ್ಮ ಮನ್ಯಾಗ ಸಣ್ಣ ಹುಡುಗ್ಯಾರಿಗೂ ಗೊತ್ತೈತಿ. ನಿಮಗ ಗೊತ್ತಿರತೈತಿ ಅಂತ ನಾ ಹೇಳಲಿಲ್ಲ."

ಶ್ರಾವಣದಲ್ಲಿ ಉಮರಸಾಬ ದಿನಾ ಕುರಿ ಕಡಿಯುತ್ತಿರಲಿಲ್ಲ, ಹಾಗಾಗಿ ಮುದುಕಿ ಕೇಳಿದ್ದಕ್ಕೆ ತಾಜಬೀ ತನ್ನ ಮನೆಯ ಒಣ ಖಂಡವನ್ನು ಮರುದಿನದ ಅಡಿಗೆಗೆಂದು ತಂದು ಕೊಡುತ್ತಿದ್ದಳು. ಕುರಿ ಸಾಕುವ ಮನೆಯ ಮುದುಕಿ ಹಸಿ ಖಂಡವನ್ನಷ್ಟೇ ಬೇಯಿಸಿ ಗೊತ್ತಿದ್ದವಳು. ಉಪ್ಪಿನ ಮೇಲೆ ಉಪ್ಪು ಸುರಿದಿದ್ದಳು. ಒಂದು ಸಲ ನಾಲಿಗೆಗೆ ಹಚ್ಚಿದ್ದರೂ ತಿಳಿಯುತ್ತಿತ್ತು. ಆದರೆ ವಾಸನೆಗೂ ಮೂಗು ಕಟ್ಟಿಕೊಂಡವಳು ರುಚಿ ನೋಡುವುದೆಲ್ಲಿ ಬಂತು?

"ಬಾಯಾಗ ಇಡಾಕ ಬರಲಾರದಷ್ಟು ಉಪ್ಪಿತ್ತೇನೋ ತಮ್ಮಾ?" ಅಂದಳು ಯಮನೂರಮ್ಮ. ದನಿ ಸಣ್ಣದಾಗಿತ್ತು. "ಇಷ್ಟು ದಿನ ಸುಮ್ಮನ ತಿಂದಿ? ಹೇಳಾಕ ಏನಾಗಿತ್ತು?"

"ಹೇಳಿದ್ರ ನೀ ರುಚಿ ನೋಡತಿದ್ದಿ ಬೇ," ಅಂದ ಹೊನ್ನೂರಪ್ಪ. "ನನ್ನ ಸಲುವಾಗಿ ಇಷ್ಟು ಮಾಡಿದಿ. ನಾಲಿಗಿ ಒಂದರ ನಿಂದು ಉಳೀಲಿ ಅಂದೆ."

ಹುಲಿಗವ್ವನಿಗೆ ಗಂಡನ ಜೀವ ಉಳಿಯಿತೆಂದು ಸಂತೋಷವಾಯಿತು. ಅದರ ಹಿಂದೆಯೇ ತನ್ನ ಮೇಲೆ ಅಸಹ್ಯವೂ ಆಯಿತು. ದೇವರ ಕೂಡ ಕರಾರು ಮಾಡಿ ತಾನು ಕೈ ತೊಳೆದುಕೊಂಡು ಮನೆಯಲ್ಲಿ ಕೂತಿದ್ದಳು. ಹರಕೆ ಅವಳದು, ಅದರ ಭಾರ ಈ ಮುದುಕಿಯದು.

ಯಮನೂರಮ್ಮ ಮೂಗಿನ ಸೆರಗು ಬಿಚ್ಚಿದಳು. "ಇಷ್ಟಾದ ಮ್ಯಾಲ ಈ ನಾಲಿಗಿ ಒಂದು ಯಾಕ ಉಳೀಬೇಕು," ಎಂದು ಸೌಟಿನ ತುದಿಯಲ್ಲಿ ಸಾರು ತೆಗೆದು ಬಾಯಿಯ ಹತ್ತಿರ ತಂದಳು.

ಹುಲಿಗವ್ವ ಹೊಸ್ತಿಲು ದಾಟಿ ಬಂದು ಅತ್ತೆಯ ಮುಂಗೈ ಹಿಡಿದಳು. ಸೌಟನ್ನು ತನ್ನ ಕಡೆ ತಿರುಗಿಸಿಕೊಂಡು ಸಾರನ್ನು ತಾನು ನೆಕ್ಕಿದಳು. ಉಪ್ಪಿಗೆ ನಾಲಿಗೆ ಸುಟ್ಟ ಹಾಗಾಯಿತು. ಅವಳು ಉಗುಳಲಿಲ್ಲ, ನುಂಗಿದಳು. ಶ್ರಾವಣ ಸೋಮವಾರ ಅದು.

"ಎಂಥಾ ಕೆಲಸ ಮಾಡಿದ್ಯವ್ವಾ," ಅಂದಳು ಯಮನೂರಮ್ಮ. "ನಿನ್ನ ಹರಕಿ ಉಳೀಲಿ ಅಂತ ನಾ ಇಷ್ಟೆಲ್ಲ ಮಾಡಿದ್ನಿ. ನಾಳಿ ಹುಲಿಗೆಮ್ಮ ಕೇಳಿದ್ರ ಏನು ಹೇಳ್ತಿ?"

"ಇಬ್ಬರೂ ಕೂಡಿ ಹುಲಿಗಿಗೆ ಹೋಗೂಣ್ರಿ ಅತ್ತಿ," ಅಂದಳು ಹುಲಿಗವ್ವ. "ನೀವು ಬೇಯಿಸೀನಿ ಅನ್ರಿ. ನಾ ರುಚಿ ನೋಡೀನಿ ಅಂತೀನಿ. ಈಗ ಸ್ವಲ್ಪ ನೀರು ಹಾಕ್ರಿ, ಅವರು ಉಣ್ಣಲಿ."